ಪ್ರೊಪೆಲರ್ ಪಿಚ್ ನಿಯಂತ್ರಣ: ಯುದ್ಧವಿಮಾನ ಸಿಮ್ಯುಲೇಟರುಗಳಲ್ಲಿ ಸ್ವಯಂಚಾಲಿತ ಮತ್ತು ಕೈಚಾಲಿತ ವಿಧಾನಗಳು

ಹಾರುತ್ತಿರುವ ವಿಮಾನದ ಪ್ರೊಪೆಲರ್ ಅಲಗುಗಳನ್ನು ಅವುಗಳ ಬುಡದಲ್ಲಿ ಹೊರಳಿಸಿ, ಅವು ಗಾಳಿಯನ್ನು ಸೀಳುವ ಓರೆಯನ್ನು ಹೆಚ್ಚು ಕಡಿಮೆ ಮಾಡುವ ಏರ್ಪಾಡಿಗೆ ಪಿಚ್ ನಿಯಂತ್ರಣ ಎಂದು ಹೆಸರು. ಈ ಕೆಲಸವನ್ನು ಯಂತ್ರವೇ ನೋಡಿಕೊಂಡರೆ ಅದು ಸ್ವಯಂಚಾಲಿತ. ಚಾಲಕ ಕೈಯಿಂದ ಮಾಡಿದರೆ ಕೈಚಾಲಿತ. ಎರಡನೆಯ ಮಹಾಯುದ್ಧದ ಕಾಲದ ವಿಮಾನಗಳನ್ನು ಕಂಪ್ಯೂಟರಿನಲ್ಲಿ ಮರುಸೃಷ್ಟಿಸುವ ಸಿಮ್ಯುಲೇಟರುಗಳಲ್ಲಿ ಈ ಎರಡೂ ವಿಧಾನಗಳು ಆಟಗಾರನ ಆಯ್ಕೆಗೆ ಸಿಗುತ್ತವೆ. ಆದರೆ ಪರದೆಯ ಮೇಲೆ ಒಂದೇ ಹೆಸರಿನಲ್ಲಿ ಕಾಣುವ ಈ ಗುಂಡಿ ಎಲ್ಲ ವಿಮಾನದಲ್ಲೂ ಒಂದೇ ಕೆಲಸ ಮಾಡುವುದಿಲ್ಲ. ಈ ವಿಷಯದ ಗೊಂದಲಗಳಲ್ಲಿ ಹೆಚ್ಚಿನವು ಹುಟ್ಟುವುದು ಇಲ್ಲಿಯೇ.

ಪರಿಭಾಷೆ

ಪ್ರೊಪೆಲರ್ ತಿರುಗುವ ಸಮತಲಕ್ಕೂ ಅಲಗಿನ ಅಗಲಕ್ಕೂ ನಡುವಿನ ಕೋನವೇ ಅಲಗಿನ ಕೋನ. ಪ್ರೊಪೆಲರ್ ಜಾರದೆ, ಮರದೊಳಗೆ ಇಳಿಯುವ ಸ್ಕ್ರೂನಂತೆ, ಒಂದು ಸುತ್ತಿಗೆ ಎಷ್ಟು ದೂರ ಮುಂದೆ ಹೋಗಬಲ್ಲದೋ ಆ ದೂರ ಪಿಚ್. ರೂಢಿಯಲ್ಲಿ ಎರಡನ್ನೂ ಪಿಚ್ ಎಂದೇ ಕರೆಯುತ್ತಾರೆ. ಕೋನ ಕಿರಿದಾಗಿದ್ದರೆ ಫೈನ್ ಪಿಚ್, ಹಿರಿದಾಗಿದ್ದರೆ ಕೋರ್ಸ್ ಪಿಚ್. ಅಲಗುಗಳು ಎದುರುಗಾಳಿಗೆ ಬಹುಮಟ್ಟಿಗೆ ಸಮಾಂತರವಾಗಿ ನಿಂತು ಪ್ರೊಪೆಲರ್ ತಿರುಗದಂತಾಗುವ ಸ್ಥಿತಿ ಫೆದರಿಂಗ್. ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ ಎಂಬ ಎಣಿಕೆಯನ್ನು ಈ ಲೇಖನದಲ್ಲಿ ಆರ್‌ಪಿಎಂ ಎಂದು ಕರೆಯಲಾಗಿದೆ. ಆರ್‌ಪಿಎಂ ಬದಲಾಗದಂತೆ ಅಲಗುಗಳನ್ನು ತಾನೇ ಹೊರಳಿಸುವ ಸಾಧನ ಗವರ್ನರ್, ಅದನ್ನು ಅಳವಡಿಸಿದ್ದು ಸ್ಥಿರವೇಗ ಪ್ರೊಪೆಲರ್. ಇಲ್ಲಿ ಸ್ಥಿರವಾಗಿರುವುದು ಎಂಜಿನ್ನಿನ ವೇಗವೇ ಹೊರತು ವಿಮಾನದ ವೇಗವಲ್ಲ.

ಪಿಚ್ ಬದಲಿಸುವ ಅಗತ್ಯ

ವಿಮಾನದ ವೇಗ ಏರಿದಂತೆ ಅಲಗಿಗೆ ಗಾಳಿ ಬಂದು ತಾಗುವ ದಿಕ್ಕೂ ಬದಲಾಗುತ್ತದೆ. ಪಿ-51ಡಿ ಮಸ್ಟಾಂಗ್ ಇದಕ್ಕೆ ಒಳ್ಳೆಯ ಉದಾಹರಣೆ. ಅದರ ಎಂಜಿನ್ 3000 ಆರ್‌ಪಿಎಂನಲ್ಲಿ ಓಡುವಾಗ 0.479 ಅನುಪಾತದ ಗೇರಿನ ಮೂಲಕ ಪ್ರೊಪೆಲರ್ ನಿಮಿಷಕ್ಕೆ ಸುಮಾರು 1437 ಸುತ್ತು ತಿರುಗುತ್ತದೆ. ಪ್ರೊಪೆಲರಿನ ವ್ಯಾಸ ಸುಮಾರು 3.4 ಮೀಟರ್. ಅಂದರೆ ಅಲಗಿನ ಮುಕ್ಕಾಲು ಉದ್ದದ ಬಿಂದು ಸೆಕೆಂಡಿಗೆ ಸುಮಾರು 192 ಮೀಟರ್ ವೇಗದಲ್ಲಿ ಸುತ್ತುತ್ತಿರುತ್ತದೆ. ವಿಮಾನ ನೆಲ ಬಿಡುವ ಹೊತ್ತಿಗೆ, ಗಂಟೆಗೆ 162 ಕಿಲೋಮೀಟರ್ ವೇಗದಲ್ಲಿ, ಆ ಬಿಂದುವಿಗೆ ಗಾಳಿ ಸುಮಾರು 13 ಡಿಗ್ರಿ ಓರೆಯಲ್ಲಿ ಬರುತ್ತದೆ. ವೇಗ 576 ಕಿಲೋಮೀಟರಿಗೆ ಏರಿದಾಗ ಅದೇ ಓರೆ ಸುಮಾರು 40 ಡಿಗ್ರಿ. ಅಲಗಿನ ಕೋನ ಗಾಳಿಯ ಓರೆಗಿಂತ ಕೆಲವೇ ಡಿಗ್ರಿ ಹೆಚ್ಚಿದ್ದರೆ ಎಳೆತ ಚೆನ್ನಾಗಿರುತ್ತದೆ. ಎಷ್ಟೋ ಹೆಚ್ಚಿದ್ದರೆ ಅಲಗು ಸ್ಟಾಲ್ ಆಗುತ್ತದೆ, ಅಂದರೆ ಗಾಳಿಯ ಹರಿವು ಅಲಗಿನಿಂದ ಬಿಟ್ಟುಹೋಗಿ ಎಳೆತ ಕುಸಿಯುತ್ತದೆ; ಕಡಿಮೆಯಾದರೆ ಪ್ರೊಪೆಲರ್ ಎಳೆಯುವ ಬದಲು ತಡೆಯಾಗುತ್ತದೆ. ಹೀಗಾಗಿ 13 ಡಿಗ್ರಿಗೂ 40 ಡಿಗ್ರಿಗೂ ಒಂದೇ ಕೋನದ ಅಲಗು ಒಗ್ಗಲಾರದು.

ಬ್ಯಾಡಗಿ ತಾಲ್ಲೂಕಿನ ಕದರಮಂಡಲಗಿ ಸುತ್ತಿನ ಹೊಲದಲ್ಲಿ ನೇಗಿಲು ಎಳೆಯುವ ಟ್ರ್ಯಾಕ್ಟರು ಕೆಳಗಿನ ಗೇರಿನಲ್ಲಿ ದುಡಿದು, ಮೆಣಸಿನಕಾಯಿ ಚೀಲ ಹೇರಿಕೊಂಡು ಪೇಟೆಗೆ ಹೊರಟಾಗ ಮೇಲಿನ ಗೇರಿಗೆ ಹೋಗುವುದೂ ಇದೇ ಕಾರಣಕ್ಕೆ. ಫೈನ್ ಪಿಚ್ ಕೆಳಗಿನ ಗೇರಿನಂತೆ, ಕೋರ್ಸ್ ಪಿಚ್ ಮೇಲಿನ ಗೇರಿನಂತೆ. ಹೋಲಿಕೆ ಇಷ್ಟಕ್ಕೇ ನಿಲ್ಲುತ್ತದೆ. ಟ್ರ್ಯಾಕ್ಟರಿನ ಗೇರುಗಳು ಮೆಟ್ಟಿಲು ಮೆಟ್ಟಿಲಾಗಿ ಬದಲಾಗುತ್ತವೆ, ಸ್ಥಿರವೇಗ ಪ್ರೊಪೆಲರಿನ ಕೋನಕ್ಕೆ ಮೆಟ್ಟಿಲುಗಳಿಲ್ಲ.

ಹುಟ್ಟು ಮತ್ತು ಬೆಳವಣಿಗೆ

ಮೊದಲ ವಿಮಾನಗಳ ಪ್ರೊಪೆಲರುಗಳು ಮರದವು, ಕೋನ ಬದಲಾಗದವು. ಹಾರಾಟದಲ್ಲೇ ಪಿಚ್ ಬದಲಿಸುವ ಪ್ರಯತ್ನಗಳು 1920ರ ದಶಕದಲ್ಲಿ ಹಲವೆಡೆ ನಡೆದವು. ಬ್ರಿಟನ್ನಿನ ಹೀಲ್-ಶಾ ಮತ್ತು ಬೀಚಮ್ 1924ರಲ್ಲಿ ಸ್ಥಿರವೇಗ ಪ್ರೊಪೆಲರಿಗೆ ಪೇಟೆಂಟ್ ಪಡೆದರು. ಕೆನಡಾದ ವಾಲೇಸ್ ಟರ್ನ್‌ಬುಲ್ ವಿದ್ಯುತ್ ಮೋಟರಿನಿಂದ ಅಲಗು ಹೊರಳಿಸುವ ಪ್ರೊಪೆಲರನ್ನು 1927ರಲ್ಲಿ ಹಾರಾಟದಲ್ಲಿ ಪರೀಕ್ಷಿಸಿದರು. ಹಾರಾಟದಲ್ಲೇ ಪಿಚ್ ಬದಲಿಸುವ ಏರ್ಪಾಡು ದೊಡ್ಡ ಪ್ರಮಾಣದಲ್ಲಿ ಬಳಕೆಗೆ ಬಂದದ್ದು ಅಮೆರಿಕದ ಹ್ಯಾಮಿಲ್ಟನ್ ಸ್ಟ್ಯಾಂಡರ್ಡ್ ಕಂಪನಿಯ ಫ್ರ್ಯಾಂಕ್ ಕಾಲ್ಡ್‌ವೆಲ್ ರೂಪಿಸಿದ ಎರಡು ಸ್ಥಾನಗಳ ಪ್ರೊಪೆಲರಿನಿಂದ. ಆ ಕೆಲಸಕ್ಕೆ 1933ರ ಕಾಲಿಯರ್ ಟ್ರೋಫಿ ಸಂದಿತು. ಬ್ರಿಟನ್ನಿನಲ್ಲಿ ಡಿ ಹ್ಯಾವಿಲೆಂಡ್ ಕಂಪನಿ ಅದನ್ನು ಪರವಾನಗಿ ಪಡೆದು ತಯಾರಿಸಿತು. ರೋಲ್ಸ್-ರಾಯ್ಸ್ ಮತ್ತು ಬ್ರಿಸ್ಟಲ್ ಕಂಪನಿಗಳು ಕೂಡಿ 1937ರಲ್ಲಿ ರೋಟಾಲ್ ಕಂಪನಿಯನ್ನು ಹುಟ್ಟುಹಾಕಿದವು.

ಸ್ಪಿಟ್‌ಫೈರ್ ವಿಮಾನವೊಂದರಲ್ಲೇ ಈ ಚರಿತ್ರೆಯ ಮೂರು ಹಂತಗಳು ಕಾಣುತ್ತವೆ. ಮೊದಲ ತಂಡದ ಸ್ಪಿಟ್‌ಫೈರ್‌ಗಳಿಗೆ ಎರಡಲಗಿನ, ಸ್ಥಿರ ಕೋನದ ಮರದ ಪ್ರೊಪೆಲರ್ ಇತ್ತು. ಬಳಿಕ ಮೂರಲಗಿನ, ಎರಡೇ ಸ್ಥಾನಗಳ ಡಿ ಹ್ಯಾವಿಲೆಂಡ್ ಪ್ರೊಪೆಲರ್ ಬಂತು. 1940ರ ಜೂನ್ ಕೊನೆಯಿಂದ ಆಗಸ್ಟ್ ನಡುವೆ ಕಂಪನಿಯ ತಂತ್ರಜ್ಞರು ವಾಯುನೆಲೆಗಳಿಗೇ ಹೋಗಿ ಸ್ಪಿಟ್‌ಫೈರ್, ಹರಿಕೇನ್ ಮತ್ತು ಡಿಫೈಯೆಂಟ್ ಸೇರಿ ಸಾವಿರಕ್ಕೂ ಹೆಚ್ಚು ವಿಮಾನಗಳಿಗೆ ಸ್ಥಿರವೇಗ ಘಟಕ ಜೋಡಿಸಿದರು. ಬ್ರಿಟನ್ ಕಾಳಗದ ಸಿಮ್ಯುಲೇಟರುಗಳಲ್ಲಿ ಒಂದೇ ಹೆಸರಿನ ವಿಮಾನ ಎರಡು ಮೂರು ರೂಪಗಳಲ್ಲಿ ಸಿಗಲು ಈ ಇತಿಹಾಸವೇ ಕಾರಣ. 2011ರ ‘ಕ್ಲಿಫ್ಸ್ ಆಫ್ ಡೋವರ್’ನಲ್ಲಿ ಎರಡು ಸ್ಥಾನಗಳ ಪ್ರೊಪೆಲರ್ ಇರುವ ಸ್ಪಿಟ್‌ಫೈರ್ ಕೂಡ ಇದೆ.

ರಚನೆ

ಗವರ್ನರಿನ ಒಳಗೆ ಎಂಜಿನ್ನಿನೊಡನೆ ತಿರುಗುವ ಎರಡು ತೂಕದ ತುಂಡುಗಳು, ಅವನ್ನು ಒಳಕ್ಕೆ ಒತ್ತಿ ಹಿಡಿಯುವ ಒಂದು ಸ್ಪ್ರಿಂಗ್, ಎಣ್ಣೆಯ ದಾರಿ ತೆರೆದು ಮುಚ್ಚುವ ಒಂದು ಕವಾಟ ಇರುತ್ತವೆ. ಆರ್‌ಪಿಎಂ ಗೊತ್ತುಪಡಿಸಿದ್ದಕ್ಕಿಂತ ಏರಿದರೆ ತೂಕಗಳು ಹೊರಕ್ಕೆ ಸರಿದು ಕವಾಟವನ್ನು ಎತ್ತುತ್ತವೆ. ಆಗ ಎಣ್ಣೆಯ ಒತ್ತಡ ಬದಲಾಗಿ ಅಲಗುಗಳು ಕೋರ್ಸ್ ಕಡೆಗೆ ಹೊರಳುತ್ತವೆ, ಎಂಜಿನ್ ಮೇಲೆ ಹೊರೆ ಹೆಚ್ಚಿ ಆರ್‌ಪಿಎಂ ಇಳಿಯುತ್ತದೆ. ಆರ್‌ಪಿಎಂ ಕುಸಿದರೆ ಇದೆಲ್ಲ ತಿರುವುಮುರುವಾಗುತ್ತದೆ. ಚಾಲಕನ ಪ್ರೊಪೆಲರ್ ಲಿವರ್ ಅಲಗನ್ನು ನೇರವಾಗಿ ಮುಟ್ಟುವುದೇ ಇಲ್ಲ, ಅದು ಆ ಸ್ಪ್ರಿಂಗಿನ ಬಿಗಿಯನ್ನು ಮಾತ್ರ ಬದಲಿಸುತ್ತದೆ. ಲಿವರನ್ನು ಮುಂದಕ್ಕೆ ತಳ್ಳುವುದೆಂದರೆ ‘ಇಷ್ಟು ಆರ್‌ಪಿಎಂ ಬೇಕು’ ಎಂದು ಕೇಳುವುದು. ಕೋನ ಎಷ್ಟಿರಬೇಕೆಂದು ನಿರ್ಧರಿಸುವುದು ಗವರ್ನರ್.

ಗದಗ ಜಿಲ್ಲೆಯ ಕಪ್ಪತಗುಡ್ಡದ ಗಾಳಿಯಂತ್ರಗಳನ್ನು ನೋಡಿದವರಿಗೆ ಇದರ ಕನ್ನಡಿಬಿಂಬ ಪರಿಚಿತ. ಗಾಳಿ ಜೋರಾದಾಗ ಪಿಚ್ ನಿಯಂತ್ರಣವಿರುವ ಗಾಳಿಯಂತ್ರದ ಅಲಗುಗಳು ಬುಡದಲ್ಲಿ ಹೊರಳಿ, ಗಾಳಿಯಿಂದ ಸೆಳೆಯುವ ಶಕ್ತಿಯನ್ನು ಮಿತಿಯೊಳಗೆ ಹಿಡಿಯುತ್ತವೆ.

ಅಲಗು ಹೊರಳಿಸುವ ಬಲ ಎಣ್ಣೆಯದಾಗಿರಬಹುದು, ವಿದ್ಯುತ್ತಿನದಾಗಿರಬಹುದು. ಹ್ಯಾಮಿಲ್ಟನ್ ಸ್ಟ್ಯಾಂಡರ್ಡ್‌ನ ಹೈಡ್ರೊಮ್ಯಾಟಿಕ್, ರೋಟಾಲ್‌ನ ಹಲವು ಮಾದರಿಗಳು ಎಣ್ಣೆಯವು. ಅಮೆರಿಕದ ಕರ್ಟಿಸ್ ಎಲೆಕ್ಟ್ರಿಕ್, ಜರ್ಮನಿಯ ವಿಡಿಎಂ ವಿದ್ಯುತ್ತಿನವು. ಕರ್ಟಿಸ್ ಮಾದರಿಯಲ್ಲಿ ವಿದ್ಯುತ್ ಹೋದರೆ ಬ್ರೇಕ್ ಬಿದ್ದು ಅಲಗು ಇದ್ದ ಕೋನದಲ್ಲೇ ನಿಂತುಬಿಡುತ್ತದೆ, ಆ ಕ್ಷಣದಿಂದ ಅದು ಸ್ಥಿರ ಕೋನದ ಪ್ರೊಪೆಲರ್. ಹಾನಿಯ ಲೆಕ್ಕ ಇಡುವ ಸಿಮ್ಯುಲೇಟರುಗಳು ಇಂಥ ವ್ಯತ್ಯಾಸಗಳನ್ನು ಹಿಡಿದಿಡಲು ಯತ್ನಿಸುತ್ತವೆ.

ವಿಧಗಳು

ಕಾಳಗದ ವಿಮಾನಗಳಲ್ಲಿ ಕಾಣುವ ವ್ಯವಸ್ಥೆಗಳನ್ನು ಚಾಲಕನ ಕೈಗೆ ಏನು ಉಳಿದಿದೆ ಎಂಬುದರ ಮೇಲೆ ವಿಂಗಡಿಸುವುದು ಅನುಕೂಲ.

ಸ್ಥಿರ ಕೋನದ ಪ್ರೊಪೆಲರಿನಲ್ಲಿ ಚಾಲಕನಿಗೆ ಮಾಡಲು ಏನೂ ಇಲ್ಲ. ಎರಡು ಸ್ಥಾನಗಳದ್ದರಲ್ಲಿ ಮೇಲೇರುವಾಗ ಫೈನ್, ನೇರ ಹಾರುವಾಗ ಕೋರ್ಸ್, ಅಷ್ಟೇ.

ನೇರ ಕೈಚಾಲಿತ ವಿಧದಲ್ಲಿ ಚಾಲಕ ಸ್ವಿಚ್ಚು ಒತ್ತಿದಷ್ಟು ಹೊತ್ತು ಅಲಗು ಹೊರಳುತ್ತದೆ, ಬಿಟ್ಟಲ್ಲಿ ನಿಲ್ಲುತ್ತದೆ. ಮೆಸ್ಸರ್‌ಶ್ಮಿಟ್ ಬಿಎಫ್ 109ರ ಇ ಸರಣಿಯ ಮೊದಲ ವಿಮಾನಗಳು ಇದಕ್ಕೆ ಹೆಸರಾದವು. ಅದರ ಕೋನಸೂಚಕ ನೋಡಲು ಗಡಿಯಾರದಂತಿತ್ತು. ಟೇಕಾಫ್‌ಗೆ ಮುಳ್ಳು 12 ಗಂಟೆಯ ಆಸುಪಾಸಿನಲ್ಲಿರಬೇಕು, ವೇಗ ಏರಿದಂತೆ ಅದನ್ನು ಹಿಂದಿನ ಗಂಟೆಗಳ ಕಡೆಗೆ ತರಬೇಕು. ಚಾಲಕ ಮರೆತರೆ ಡೈವ್‌ನಲ್ಲಿ ಗಾಳಿಯೇ ಪ್ರೊಪೆಲರನ್ನು ತಿರುಗಿಸಿ ಎಂಜಿನ್ ಮಿತಿ ಮೀರುತ್ತದೆ. ಮುಂದಿನ 109ಗಳಲ್ಲಿ ಸ್ವಯಂಚಾಲಿತ ವ್ಯವಸ್ಥೆ ಬಂದರೂ ಕೈಚಾಲಿತಕ್ಕೆ ಬದಲಿಸುವ ಸ್ವಿಚ್ಚನ್ನು ಉಳಿಸಿಕೊಂಡರು.

ಸ್ಥಿರವೇಗ ವಿಧದಲ್ಲಿ ಚಾಲಕ ಆರ್‌ಪಿಎಂ ಆರಿಸುತ್ತಾನೆ, ಕೋನವನ್ನಲ್ಲ. ನಂತರದ ಸ್ಪಿಟ್‌ಫೈರ್, ಹರಿಕೇನ್ 2, ಮಸ್ಟಾಂಗ್, ಸೋವಿಯೆತ್ ಯಾಕ್ ಸರಣಿಗಳು ಈ ಬಗೆಯವು. ಸಿಮ್ಯುಲೇಟರ್ ಆಟಗಾರರು ಇದನ್ನು ‘ಮ್ಯಾನ್ಯುವಲ್ ಪಿಚ್’ ಎನ್ನುವುದುಂಟು. ಅದು ತಪ್ಪು ಹೆಸರು: ಇಲ್ಲಿ ಅಲಗು ಹೊರಳಿಸುವ ಕೆಲಸ ಪೂರಾ ಸ್ವಯಂಚಾಲಿತ, ಕೈಚಾಲಿತವಾಗಿರುವುದು ಗುರಿಯ ಆಯ್ಕೆ ಮಾತ್ರ.

ಏಕಲಿವರ್ ವಿಧದಲ್ಲಿ ಆ ಆಯ್ಕೆಯೂ ಯಂತ್ರದ್ದೇ. ಫೋಕೆ-ವುಲ್ಫ್ 190ರ ಎ ಸರಣಿಯಲ್ಲಿದ್ದ ಬಿಎಂಡಬ್ಲ್ಯು 801 ಎಂಜಿನ್ನಿನ ‘ಕೊಮಾಂಡೊಗೆರೇಟ್’ ಎಣ್ಣೆಯೊತ್ತಡದಿಂದ ಓಡುವ ಯಾಂತ್ರಿಕ ಗಣಕ. ಚಾಲಕ ಥ್ರಾಟಲ್ ಒಂದನ್ನೇ ಸರಿಸಿದರೆ ಅದು ಆರ್‌ಪಿಎಂ, ಇಂಧನ ಮಿಶ್ರಣ, ಕಿಡಿಯ ಸಮಯ, ಸೂಪರ್‌ಚಾರ್ಜರ್ ಗೇರು ಎಲ್ಲವನ್ನೂ ಹೊಂದಿಸುತ್ತಿತ್ತು.

ಸಿಮ್ಯುಲೇಟರಿನೊಳಗಿನ ಲೆಕ್ಕ

ಪ್ರೊಪೆಲರನ್ನು ಸಾಫ್ಟ್‌ವೇರಿನಲ್ಲಿ ಕಟ್ಟುವ ದಾರಿ ಮುಖ್ಯವಾಗಿ ಎರಡು. ಮೊದಲನೆಯದು ಕೋಷ್ಟಕದ ದಾರಿ. ವಿಮಾನದ ವೇಗವನ್ನು ಪ್ರೊಪೆಲರಿನ ಸೆಕೆಂಡಿನ ಸುತ್ತು ಮತ್ತು ವ್ಯಾಸದ ಗುಣಲಬ್ಧದಿಂದ ಭಾಗಿಸಿದರೆ ಮುನ್ನಡೆ ಅನುಪಾತ ಸಿಗುತ್ತದೆ. ಮೇಲಿನ ಮಸ್ಟಾಂಗ್ ಉದಾಹರಣೆಯಲ್ಲಿ 576 ಕಿಲೋಮೀಟರ್ ವೇಗಕ್ಕೆ ಅದು ಸುಮಾರು 1.96. ಪ್ರತಿ ಅನುಪಾತಕ್ಕೂ ಪ್ರತಿ ಕೋನಕ್ಕೂ ಎಳೆತದ ಗುಣಾಂಕ, ಶಕ್ತಿಯ ಗುಣಾಂಕ ಎಷ್ಟೆಂದು ಕೋಷ್ಟಕದಲ್ಲಿ ಬರೆದಿಟ್ಟಿರುತ್ತಾರೆ. ಫ್ಲೈಟ್‌ಗಿಯರ್ ಬಳಸುವ ಮುಕ್ತ ತಂತ್ರಾಂಶ ಜೆಎಸ್‌ಬಿಸಿಮ್ ಹೀಗೆ ಲೆಕ್ಕ ಹಾಕುತ್ತದೆ. ಎಳೆತ ವ್ಯಾಸದ ನಾಲ್ಕನೆಯ ಘಾತಕ್ಕೂ ಬೇಕಾಗುವ ಶಕ್ತಿ ಐದನೆಯ ಘಾತಕ್ಕೂ ಅನುಗುಣವಾಗಿರುವುದರಿಂದ ವ್ಯಾಸದಲ್ಲಿ ಚಿಕ್ಕ ತಪ್ಪಾದರೂ ಫಲಿತಾಂಶ ಎಲ್ಲೋ ಹೋಗುತ್ತದೆ. ಎರಡನೆಯ ದಾರಿಯಲ್ಲಿ ಅಲಗನ್ನು ಉದ್ದಕ್ಕೆ ತುಂಡು ತುಂಡಾಗಿ ವಿಂಗಡಿಸಿ ಪ್ರತಿ ತುಂಡನ್ನೂ ಒಂದು ಚಿಕ್ಕ ರೆಕ್ಕೆಯೆಂದು ಲೆಕ್ಕಿಸುತ್ತಾರೆ. ಎಕ್ಸ್-ಪ್ಲೇನ್ ಈ ವಿಧಾನಕ್ಕೆ ಹೆಸರಾಗಿದೆ.

ಎರಡರಲ್ಲೂ ಗವರ್ನರನ್ನು ಪ್ರತ್ಯೇಕವಾಗಿ ಬರೆಯಬೇಕು. ಅಲಗು ಒಂದು ಸೆಕೆಂಡಿಗೆ ಎಷ್ಟು ಡಿಗ್ರಿ ಹೊರಳಬಲ್ಲದು, ಎರಡು ತುದಿಗಳ ಮಿತಿ ಎಷ್ಟು ಎಂಬ ವಿವರಗಳಿಂದಲೇ ವಿಮಾನದ ಸ್ವಭಾವ ಗೊತ್ತಾಗುವುದು. ಕಡಿದಾದ ಡೈವ್‌ನಲ್ಲಿ ಗವರ್ನರ್ ಒಂದೆರಡು ಕ್ಷಣ ಹಿಂದೆ ಬಿದ್ದು ಆರ್‌ಪಿಎಂ ಮುಳ್ಳು ಮೇಲೆ ಹಾರಿ ಮತ್ತೆ ಕೂರಬೇಕು. ಮುಳ್ಳು ಕೊರೆದಿಟ್ಟಂತೆ ಅಲುಗಾಡದೆ ನಿಂತರೆ ಆ ಸಿಮ್ಯುಲೇಟರು ಗವರ್ನರಿನ ಈ ವಿಳಂಬವನ್ನು ಲೆಕ್ಕಕ್ಕೇ ತೆಗೆದುಕೊಂಡಿಲ್ಲ ಎಂದರ್ಥ.

ಪ್ರಮುಖ ಸಿಮ್ಯುಲೇಟರುಗಳಲ್ಲಿ

2001ರಲ್ಲಿ ಆರಂಭವಾದ ‘ಐಎಲ್-2 ಸ್ಟರ್ಮೋವಿಕ್’ ಸರಣಿ ಪಿಚ್ ನಿಯಂತ್ರಣವನ್ನು ದೊಡ್ಡ ಆಟಗಾರ ಸಮೂಹಕ್ಕೆ ಪರಿಚಯಿಸಿತು. ಸಂಕೀರ್ಣ ಎಂಜಿನ್ ನಿರ್ವಹಣೆಯ ಆಯ್ಕೆಯನ್ನು ಹಾಕಿಕೊಂಡರೆ ಪ್ರೊಪೆಲರ್, ಮಿಶ್ರಣ, ಸೂಪರ್‌ಚಾರ್ಜರ್, ರೇಡಿಯೇಟರ್ ಎಲ್ಲ ಆಟಗಾರನ ಪಾಲಿಗೆ ಬರುತ್ತವೆ. ಅದರಲ್ಲಿ ಪಿಚ್ ಶೇಕಡಾ ಲೆಕ್ಕದಲ್ಲಿ ತೋರುತ್ತದೆ. ಸ್ಥಿರವೇಗದ ವಿಮಾನದಲ್ಲಿ ಆ ಅಂಕಿ ಕೇಳಿದ ಆರ್‌ಪಿಎಂ. 109ರಲ್ಲಿ ಸ್ವಯಂಚಾಲಿತವನ್ನು ತೆಗೆದಾಗ ಅದೇ ಅಂಕಿ ಅಲಗಿನ ಕೋನ. ಒಂದರಲ್ಲಿ ಡೈವ್‌ನಲ್ಲೂ 100ರಲ್ಲಿ ಬಿಟ್ಟರೆ ಗವರ್ನರ್ ಕಾಯುತ್ತದೆ, ಇನ್ನೊಂದರಲ್ಲಿ 100ರಲ್ಲಿ, ಅಂದರೆ ಪೂರ್ತಿ ಫೈನ್‌ನಲ್ಲಿ, ಬಿಟ್ಟರೆ ಎಂಜಿನ್ ಕೈಬಿಡುತ್ತದೆ.

‘ವಾರ್ ಥಂಡರ್’ 2012ರಲ್ಲಿ ಸಾರ್ವಜನಿಕ ಪರೀಕ್ಷಾರ್ಥ ಆವೃತ್ತಿಯಾಗಿ ಬಂತು. ಅದರಲ್ಲಿ ಎಂಜಿನ್ ಪೂರ್ತಿ ಸ್ವಯಂಚಾಲಿತವಾಗಿರುವುದೇ ವಾಡಿಕೆ, ಬೇಕೆಂದವರು ಕೈಚಾಲಿತ ನಿರ್ವಹಣೆಗೆ ಹೋಗಬಹುದು. ಡಿಸಿಎಸ್ ಸರಣಿ ಇನ್ನೊಂದು ತುದಿ. 2012ರ ಪಿ-51ಡಿಯಿಂದ ಮೊದಲುಗೊಂಡು ಅಲ್ಲಿ ವಿಮಾನದ ಪ್ರತಿ ಲಿವರೂ ಸ್ವಿಚ್ಚೂ ಅಸಲಿಯಂತೆ ಕೆಲಸ ಮಾಡುತ್ತದೆ, ಹಾಗಾಗಿ ‘ಸ್ವಯಂಚಾಲಿತ’ ಎಂಬುದು ಆಟದ ಸೌಕರ್ಯವಲ್ಲ, ಆ ವಿಮಾನದ ಒಂದು ಸ್ವಿಚ್ಚಿನ ಹೆಸರು.

ಆಟ ಕೊಡುವ ನೆರವನ್ನೂ ವಿಮಾನದ್ದೇ ಆದ ಸ್ವಯಂಚಾಲಿತ ಯಂತ್ರವನ್ನೂ ಬೇರೆಬೇರೆಯಾಗಿ ನೋಡಬೇಕು. ಸ್ಪಿಟ್‌ಫೈರ್‌ಗೆ ಆಟ ಕೊಡುವ ನೆರವು ಚರಿತ್ರೆಯಲ್ಲಿ ಇರಲಿಲ್ಲ. ಫೋಕೆ-ವುಲ್ಫ್ 190ಕ್ಕೆ ಇದ್ದದ್ದು ಚರಿತ್ರೆಯೇ.

ಬಳಕೆ

ಟೇಕಾಫ್‌ನಲ್ಲಿ ಗರಿಷ್ಠ ಆರ್‌ಪಿಎಂ, ಹತ್ತುವಾಗ ಅದಕ್ಕಿಂತ ಕಡಿಮೆ, ದೂರ ಹಾರಾಟದಲ್ಲಿ ಇನ್ನೂ ಕಡಿಮೆ: ಇದು ಸ್ಥಿರವೇಗದ ಸಾಮಾನ್ಯ ಕ್ರಮ. ಮಸ್ಟಾಂಗ್‌ನಲ್ಲಿ ಟೇಕಾಫ್‌ಗೆ 3000 ಆರ್‌ಪಿಎಂ, ನಿರಂತರ ಗರಿಷ್ಠ ಬಳಕೆಗೆ 2700. ಶಕ್ತಿ ಏರಿಸುವಾಗ ಮೊದಲು ಪ್ರೊಪೆಲರ್ ಲಿವರ್, ಆಮೇಲೆ ಥ್ರಾಟಲ್. ಇಳಿಸುವಾಗ ಮೊದಲು ಥ್ರಾಟಲ್. ಈ ಕ್ರಮ ತಪ್ಪಿದರೆ ಕಡಿಮೆ ಆರ್‌ಪಿಎಂನಲ್ಲಿ ಸಿಲಿಂಡರಿನೊಳಗೆ ಒತ್ತಡ ಅತಿಯಾಗಿ ಎಂಜಿನ್ ಹಾಳಾಗುತ್ತದೆ.

ಎಂಜಿನ್ ನಿಂತುಹೋದಾಗ ಪಿಚ್ ಲಿವರಿನ ಬೆಲೆ ಹೆಚ್ಚುತ್ತದೆ. ಫೈನ್ ಪಿಚ್‌ನಲ್ಲಿ ಗಾಳಿಗೆ ಗಿರಗಿರನೆ ತಿರುಗುವ ಪ್ರೊಪೆಲರ್ ದೊಡ್ಡ ತಡೆ, ಕೋರ್ಸ್‌ಗೆ ಎಳೆದರೆ ತಡೆ ಇಳಿದು ವಿಮಾನ ಹೆಚ್ಚು ದೂರ ತೇಲುತ್ತದೆ. ಕಾಳಗದಲ್ಲಿ ಇದರ ವಿರುದ್ಧ ದಿಕ್ಕಿನ ಉಪಾಯವಿದೆ. ಥ್ರಾಟಲ್ ಮುಚ್ಚಿ ಆರ್‌ಪಿಎಂ ಗರಿಷ್ಠಕ್ಕೆ ತಳ್ಳಿದರೆ ಪ್ರೊಪೆಲರ್ ಬ್ರೇಕಿನಂತೆ ಕೆಲಸ ಮಾಡಿ, ಎದುರಾಳಿಯನ್ನು ದಾಟಿ ಮುಂದೆ ಹೋಗುವುದು ತಪ್ಪುತ್ತದೆ. ನೇರ ಕೈಚಾಲಿತದಲ್ಲಿ ನುರಿತವರು ಎಂಜಿನ್ ಮಿತಿಯ ಅಂಚಿನಲ್ಲಿ ಆರ್‌ಪಿಎಂ ನಿಲ್ಲಿಸಿ ಒಂದಿಷ್ಟು ಹೆಚ್ಚಿನ ಶಕ್ತಿ ಕೀಳಬಲ್ಲರು. ಆದರೆ ಬೆನ್ನಿಗೆ ಬಿದ್ದ ಶತ್ರುವನ್ನು ಕುತ್ತಿಗೆ ತಿರುಗಿಸಿ ನೋಡುತ್ತಿರುವವನಿಗೆ ಮುಳ್ಳು ನೋಡಲು ಬಿಡುವಿಲ್ಲ. ಹೆಚ್ಚಿನ ಸಂದರ್ಭದಲ್ಲಿ ಗವರ್ನರೇ ಮೇಲು.

ಲಿವರುಗಳ ಬಣ್ಣಕ್ಕೆ ವಿಮಾನಯಾನದಲ್ಲಿ ಒಂದು ರೂಢಿಯಿದೆ: ಥ್ರಾಟಲ್ ಕಪ್ಪು, ಪ್ರೊಪೆಲರ್ ನೀಲಿ, ಮಿಶ್ರಣ ಕೆಂಪು. ಆಟಗಾರರು ಕೊಳ್ಳುವ ಮೂರು ಲಿವರುಗಳ ಉಪಕರಣಗಳೂ ಇದನ್ನೇ ಅನುಸರಿಸುತ್ತವೆ.

ಕರ್ನಾಟಕದಲ್ಲಿ

ಸಿಮ್ಯುಲೇಟರುಗಳಲ್ಲಿ ಕಾಣುವ ಪೀಳಿಗೆಯ ವಿಮಾನಗಳು ಬೆಂಗಳೂರಿನಲ್ಲಿ ಜೋಡಣೆಯಾದವು, ದುರಸ್ತಿಯಾದವು. 1940ರ ಡಿಸೆಂಬರ್ 23ರಂದು ಮೈಸೂರು ಸಂಸ್ಥಾನದ ಸಹಭಾಗಿತ್ವದಲ್ಲಿ ವಾಲ್‌ಚಂದ್ ಹೀರಾಚಂದ್ ಸ್ಥಾಪಿಸಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿಯಲ್ಲಿ 1941ರಲ್ಲಿ ಹಾರ್ಲೊ ತರಬೇತಿ ವಿಮಾನವೂ 1942ರಲ್ಲಿ ಕರ್ಟಿಸ್ ಹಾಕ್ ಕಾಳಗದ ವಿಮಾನವೂ ಹಾರಿದವು. ಯುದ್ಧ ಮುಗಿದ ಮೇಲೆ ಕಾನ್ಪುರದಲ್ಲಿ ಬಿಟ್ಟುಹೋಗಿದ್ದ ಬಿ-24 ಲಿಬರೇಟರ್ ಬಾಂಬರುಗಳನ್ನು ಬೆಂಗಳೂರಿಗೆ ಹಾರಿಸಿ ತಂದು ಇಲ್ಲಿಯೇ ಸರಿಪಡಿಸಿ ಭಾರತೀಯ ವಾಯುಪಡೆಗೆ ಕೊಡಲಾಯಿತು. ಅವುಗಳ ನಾಲ್ಕೂ ಪ್ರೊಪೆಲರುಗಳು ಹೈಡ್ರೊಮ್ಯಾಟಿಕ್ ಮಾದರಿಯವು, ಫೆದರಿಂಗ್ ಮಾಡಬಲ್ಲವು. 1968ರವರೆಗೆ ಅವು ಸೇವೆಯಲ್ಲಿದ್ದವು.

ಅದೇ ಕಾರ್ಖಾನೆಯ ಎಚ್‌ಪಿಟಿ-32 ದೀಪಕ್ 1977ರ ಜನವರಿಯಲ್ಲಿ ಮೊದಲು ಹಾರಿತು. 260 ಅಶ್ವಶಕ್ತಿಯ ಎಂಜಿನ್, ಎರಡಲಗಿನ ಸ್ಥಿರವೇಗ ಪ್ರೊಪೆಲರ್ ಇದ್ದ ಈ ವಿಮಾನದಲ್ಲಿ ವಾಯುಪಡೆಯ ಹಲವು ತಂಡಗಳು ಹಾರಾಟದ ಮೊದಲ ಪಾಠ ಕಲಿತವು. 2009ರಲ್ಲಿ ಅದರ ಹಾರಾಟ ನಿಂತಿತು. ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯ ರೂಪಿಸಿದ ಎರಡು ಆಸನಗಳ ಹಂಸ-3ರಲ್ಲೂ ಸ್ಥಿರವೇಗ ಪ್ರೊಪೆಲರೇ ಇದೆ.

ವೃತ್ತಿಪರ ಸಿಮ್ಯುಲೇಟರುಗಳ ಕೆಲಸಕ್ಕೂ ಬೆಂಗಳೂರು ನೆಲೆ. 1959ರಲ್ಲಿ ಸ್ಥಾಪನೆಯಾದ ವೈಮಾನಿಕ ಅಭಿವೃದ್ಧಿ ಸಂಸ್ಥೆ, ಅಂದರೆ ಎಡಿಇ, ಹಾರಾಟ ಸಿಮ್ಯುಲೇಟರುಗಳನ್ನು ತಯಾರಿಸಿದೆ. ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿಯ ಇಂದಿನ ರೂಪವಾದ ಎಚ್‌ಎಎಲ್ ಮತ್ತು ಕೆನಡಾದ ಸಿಎಇ ಜಂಟಿಯಾಗಿ ನಡೆಸುವ ಹ್ಯಾಟ್ಸಾಫ್ ಕೇಂದ್ರದಲ್ಲಿ ಧ್ರುವ ಮತ್ತಿತರ ಹೆಲಿಕಾಪ್ಟರುಗಳ ಸಿಮ್ಯುಲೇಟರುಗಳಿವೆ. ಹೆಲಿಕಾಪ್ಟರಿನಲ್ಲಿ ಈ ಲೇಖನದ ವಿಷಯ ತಲೆಕೆಳಗಾಗುತ್ತದೆ: ಅಲಗಿನ ಕೋನವನ್ನು ಚಾಲಕನೇ ಕ್ಷಣಕ್ಷಣಕ್ಕೂ ಕೈಯಿಂದ ಬದಲಿಸುತ್ತಾನೆ, ಗವರ್ನರ್ ಎಂಜಿನ್ನಿನ ಶಕ್ತಿಯನ್ನು ಹೊಂದಿಸಿ ಸುತ್ತಿನ ವೇಗವನ್ನು ಕಾಯುತ್ತದೆ.

ಇಂದಿನ ಸ್ಥಿತಿ

ಮುಂಚೂಣಿಯ ಕಾಳಗದ ವಿಮಾನಗಳು ಜೆಟ್ ಆಗಿ ದಶಕಗಳಾದವು. ಪಿಸ್ಟನ್ ಕಾಲದ ಪಿಚ್ ನಿರ್ವಹಣೆಯ ಕೌಶಲ ಈಗ ಮುಖ್ಯವಾಗಿ ನಾಗರಿಕ ಚಿಕ್ಕ ವಿಮಾನಗಳಲ್ಲಿ, ಉಳಿಸಿಕೊಂಡ ಹಳೆಯ ಯುದ್ಧವಿಮಾನಗಳಲ್ಲಿ ಮತ್ತು ಸಿಮ್ಯುಲೇಟರುಗಳಲ್ಲಿ ಉಳಿದಿದೆ. ಮಿಲಿಟರಿ ತರಬೇತಿಯಲ್ಲಿ ಪ್ರೊಪೆಲರ್ ಟರ್ಬೊಪ್ರಾಪ್ ರೂಪದಲ್ಲಿ ಮುಂದುವರಿದಿದೆ. ಬೆಂಗಳೂರಿನ ಎಚ್‌ಎಎಲ್ ರೂಪಿಸಿದ ಎಚ್‌ಟಿಟಿ-40 ವಿಮಾನ 2016ರ ಮೇ 31ರಂದು ಮೊದಲು ಹಾರಿತು. ಅದರ ಟಿಪಿಇ331 ಎಂಜಿನ್ ಒಂದೇ ದಂಡದ ಮಾದರಿ. ಪ್ರೊಪೆಲರ್ ಗೇರಿನ ಮೂಲಕ ಆ ದಂಡಕ್ಕೇ ಜೋಡಣೆಯಾಗಿದ್ದು, ಆರ್‌ಪಿಎಂ ಹೆಚ್ಚು ಬದಲಾಗದೆ ಅಲಗಿನ ಕೋನವೇ ಶಕ್ತಿಗೆ ತಕ್ಕಂತೆ ಹೊಂದಿಕೊಳ್ಳುತ್ತದೆ. ವಾಯುಪಡೆಗಾಗಿ ಈ ಬಗೆಯ 70 ವಿಮಾನಗಳ ಒಪ್ಪಂದಕ್ಕೆ 2023ರ ಮಾರ್ಚ್‌ನಲ್ಲಿ ಸಹಿ ಬಿದ್ದಿದೆ.